ಸೀಟು ಆರಿಸುವ ಮುನ್ನ ವಾರ್ಡಿಗೆ ಬನ್ನಿ

ನೀಟ್ ಫಲಿತಾಂಶ ಬಂದ ವಾರ ಮನೆಯ ಫೋನಿಗೆ ಬಿಡುವಿರುವುದಿಲ್ಲ. ನೆಂಟರಿಷ್ಟರು 'ಎಷ್ಟು ಬಂತು?' ಎಂದು ಕೇಳಿ ಮುಗಿಸುವಷ್ಟರಲ್ಲಿ ಗುರುತಿಲ್ಲದ ನಂಬರುಗಳ ಸರದಿ ಶುರು: 'ಸಾರ್, ಮಗಳಿಗೆ ಮೆಡಿಕಲ್ ಸೀಟ್ ನೋಡ್ತಾ ಇದೀರಂತೆ. ನಮ್ಮ ಹತ್ರ ಒಳ್ಳೆ ಕಾಲೇಜಿದೆ, ನಿಮ್ಮ ಬಜೆಟ್ ಹೇಳಿ.' ಮಗಳ ಹೆಸರು, ಅಂಕ, ಅಪ್ಪನ ಮೊಬೈಲ್ ನಂಬರು ಇವನಿಗೆ ಹೇಗೆ ಸಿಕ್ಕಿತು ಎಂದು ಕೇಳುವ ವ್ಯವಧಾನ ಆಗ ಯಾರಿಗೂ ಇರುವುದಿಲ್ಲ. 'ಎಷ್ಟಾಗುತ್ತೆ?' ಎಂಬ ಮಾತು ತಾನಾಗಿ ಬಾಯಿಗೆ ಬಂದುಬಿಡುತ್ತದೆ.

ಅಲ್ಲಿಂದ ಮುಂದೆ ಇಡೀ ಮನೆ ಪರೀಕ್ಷಾ ಪ್ರಾಧಿಕಾರದ ಜಾಲತಾಣದ ಸುತ್ತ ತಿರುಗುತ್ತದೆ. ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಅಣಕು ಹಂಚಿಕೆ, ಮೊದಲ ಸುತ್ತು, ಎರಡನೇ ಸುತ್ತು. ಹಿಂದಿನ ವರ್ಷದ ಕಟ್‌ಆಫ್ ಹಾಳೆಗಳಿಗೆ ಬಣ್ಣಬಣ್ಣದ ಗೆರೆ ಎಳೆದು ತಂದ ಸೋದರಮಾವ, 'ಇದನ್ನ ಮೇಲೆ ಹಾಕು, ಅದನ್ನ ತೆಗೆದೇ ಬಿಡು' ಎನ್ನುವ ಪಕ್ಕದ ಮನೆಯ ಎಂಜಿನಿಯರು, ದುಡ್ಡು ತೆಗೆದುಕೊಂಡು ಪಟ್ಟಿ ಮಾಡಿಕೊಡುವ ಕೌನ್ಸೆಲರು, ಎಲ್ಲರಿಗೂ ಆ ಪಟ್ಟಿಯಲ್ಲಿ ಒಂದೊಂದು ಮಾತು. ಓದಬೇಕಾದ ಹುಡುಗಿಯನ್ನೂ ಕೆಲವು ಮನೆಗಳಲ್ಲಿ ಕೇಳುತ್ತಾರೆ. ರೋಗಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಮೆಡಿಸಿನ್ ಮೇಷ್ಟ್ರು. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಪಾಠ ಹೇಳುತ್ತಲೇ ತಲೆ ನರೆಸಿಕೊಂಡವನು. ಆ ಸಲಿಗೆಯಿಂದ ರೋಗಿಯ ಪರವಾಗಿ ನಾಲ್ಕು ಮಾತು ಆಡುತ್ತೇನೆ, ಅಪ್ಪ-ಅಮ್ಮಂದಿರು ಸಿಟ್ಟಾಗದೆ ಕೇಳಬೇಕು.

ಒಮ್ಮೆ ನಮ್ಮ ಗಂಡಸರ ವಾರ್ಡಿನಲ್ಲಿ ದೇವದುರ್ಗದ ಕಡೆಯ ಒಬ್ಬ ಕುರಿಗಾಹಿ ಅಜ್ಜ ಇದ್ದ. ಗುಲ್ಮ ಬಾತು ಹೊಕ್ಕುಳದ ಹತ್ತಿರಕ್ಕೆ ಇಳಿದಿತ್ತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಹಾಗಾಗಿ ಬ್ಯಾಚಿನ ಮೇಲೆ ಬ್ಯಾಚು ಬಂದು ಅವನ ಹೊಟ್ಟೆ ಮುಟ್ಟಿ ಹೋಗುತ್ತಿತ್ತು. ಆ ದಿನದ ಹುಡುಗಿಗೆ ವಾರ್ಡು ಹೊಸದು, ಬೆರಳು ತಣ್ಣಗಿದ್ದವು. ಎಡಗಡೆ ಪಕ್ಕೆಲುಬಿನ ಅಂಚಿಗೇ ನೇರ ಕೈಯಿಟ್ಟು ಒತ್ತಿದಳು. ಅಲ್ಲಿಂದ ಶುರು ಮಾಡಿದರೆ ಅಷ್ಟು ದೊಡ್ಡ ಗುಲ್ಮದ ಅಂಚು ಸಿಗುವುದೇ ಇಲ್ಲ. 'ಏನೂ ಇಲ್ಲ ಸರ್' ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಅವಳ ಮುಂಗೈ ಹಿಡಿದು ಕೆಳಗಡೆ ಬಲಕ್ಕೆ ಇಟ್ಟ. 'ಇಲ್ಲಿಂದ ಮ್ಯಾಲಕ್ಕ ಬಾ ಯವ್ವಾ. ನಾ ಉಸರ ಎಳಕೊಂತೀನಿ, ಆಗ ಬಂದು ನಿನ್ನ ಕೈಗೆ ಬಡೀತೈತಿ ನೋಡು.' ಬಡಿಯಿತು. ಅವಳ ಕಣ್ಣು ದೊಡ್ಡದಾದವು. ಊಟದ ಗಾಡಿ ಆಗಲೇ ಬಂದು ಅವನ ಮಂಚದ ಪಕ್ಕ ನಿಂತಿತ್ತು. ಉಳಿದ ಹುಡುಗರೂ ಒಬ್ಬೊಬ್ಬರಾಗಿ ಮುಟ್ಟಿ ಮುಗಿಸುವಷ್ಟರಲ್ಲಿ ಅವನ ತಟ್ಟೆಯ ಸಾರು ಆರಿ ಹೋಗಿತ್ತು. ಅದರ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ.

ಕಾಲೇಜಿಗೆ ಶುಲ್ಕ ಕಟ್ಟಿದವರು ನೀವು, ಒಪ್ಪಿದೆ. ಆ ಅಜ್ಜನಿಗೆ ಯಾರು ಏನು ಕಟ್ಟಿದರು?

ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷದ ಇಂಟರ್ನ್‌ಶಿಪ್. ಪುಸ್ತಕ ಎಲ್ಲ ಕಡೆಯೂ ಒಂದೇ. ಆನ್‌ಲೈನ್ ಪಾಠವಂತೂ ಈಗ ರಾಯಚೂರಿನ ಹಾಸ್ಟೆಲಿನಲ್ಲೂ ಬೆಂಗಳೂರಿನ ಹಾಸ್ಟೆಲಿನಲ್ಲೂ ಒಂದೇ ಸಮಯಕ್ಕೆ ಓಡುತ್ತದೆ. ಒಂದು ಕಾಲೇಜಿಗೂ ಇನ್ನೊಂದಕ್ಕೂ ನಿಜವಾದ ವ್ಯತ್ಯಾಸ ಇರುವುದು ಮಂಚದ ಮೇಲೆ ಮಲಗಿದವರಲ್ಲಿ. ನೂರೈವತ್ತು ಸೀಟಿನ ಕಾಲೇಜಿಗೆ ಆರುನೂರಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಇರಬೇಕು, ಅದರಲ್ಲಿ ಶೇ. 80ರಷ್ಟು ಸದಾ ತುಂಬಿರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಮಾಡಿದ್ದು ಸುಮ್ಮನೆ ಅಲ್ಲ. ಇನ್ನು, ಆ ಹಾಸಿಗೆಗಳಲ್ಲಿ ಯಾರಿರುತ್ತಾರೆ ಎಂದು ಯೋಚಿಸಿ. ಇನ್ಶೂರೆನ್ಸ್ ಇರುವ ನಾನು, ನೀವು ಸ್ಪೆಷಲ್ ವಾರ್ಡಿನಲ್ಲಿ ಮಲಗಿ 'ಸ್ಟೂಡೆಂಟ್ಸ್ ಯಾರೂ ಬರೋದು ಬೇಡ' ಅಂದುಬಿಡುತ್ತೇವೆ. ಇಲ್ಲ ಅನ್ನಲಾರದವರ ಮೈ ಮುಟ್ಟಿಯೇ ನಮ್ಮ ಮಕ್ಕಳು ಡಾಕ್ಟರಾಗುವುದು. ಜನರಲ್ ವಾರ್ಡಿನ ಬಾಣಂತಿ, ವಿಷ ಕುಡಿದು ಬಂದ ರೈತ, ಹಾವು ಕಚ್ಚಿಸಿಕೊಂಡ ಕೂಲಿ ಹೆಂಗಸು: ಇವರು ನಿಮ್ಮ ಮಗನ ಮೇಷ್ಟ್ರುಗಳು. ನಾವು ಸಂಬಳದವರು ಬರೀ ಸಹಾಯಕರು.

ಹೀಗಿದ್ದೂ ನಾವು ಕಾಲೇಜು ಆರಿಸುವುದು ಹೇಗೆ? ಬ್ರೋಷರಿನಲ್ಲಿ ಗಾಜಿನ ಕಟ್ಟಡ ನೋಡುತ್ತೇವೆ. ಹಾಸ್ಟೆಲಿಗೆ ಎಸಿ ಇದೆಯೋ ಇಲ್ಲವೋ, ವಿಮಾನ ನಿಲ್ದಾಣ ಎಷ್ಟು ದೂರ, ಮೆಸ್ಸಿನಲ್ಲಿ ನಮ್ಮ ಕಡೆಯ ಊಟ ಸಿಗುತ್ತದೆಯೋ. ಈ ಯಾವುದೂ ತಪ್ಪಲ್ಲ, ಹೆತ್ತ ಕರುಳು ಕೇಳಲೇಬೇಕು. ಆಸ್ಪತ್ರೆಯ ಕಡೆಗೆ ಮಾತ್ರ ಯಾರೂ ತಲೆ ಹಾಕುವುದಿಲ್ಲ. ಕಾಲೇಜು ನೋಡಲು ಬಂದ ಕುಟುಂಬಗಳು ಆಡಳಿತ ಕಚೇರಿಯಿಂದ ಲೈಬ್ರರಿಗೆ, ಲೈಬ್ರರಿಯಿಂದ ಜಿಮ್ಮಿಗೆ ಸುತ್ತಿ, ಎದುರಿನ ಕಟ್ಟಡದಲ್ಲಿ ನೂರಾರು ಜನ ಚೀಟಿ ಮಾಡಿಸಲು ನಿಂತಿರುವುದನ್ನು ನೋಡದೆ ಕಾರು ಹತ್ತಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವರು ಆ ಜಂಗುಳಿ ನೋಡಿಯೇ 'ಅಯ್ಯೋ, ಗಲೀಜು' ಎಂದು ಪಟ್ಟಿಯಿಂದ ಕಾಲೇಜಿನ ಹೆಸರು ಹೊಡೆದು ಹಾಕುತ್ತಾರೆ. ಆ ಜಂಗುಳಿಯೇ ಕಾಲೇಜು, ಸ್ವಾಮಿ!

ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ. ವಾರದ ಉಳಿದ ದಿನಗಳಿಗಿಂತ ಅವತ್ತು ಜನ ಹೆಚ್ಚು. ಚೀಟಿ ಕೌಂಟರಿನ ಸಾಲು ನೋಡಿ, ಹೊರರೋಗಿ ವಿಭಾಗದ ಬೆಂಚು ನೋಡಿ, ಹೆರಿಗೆ ವಾರ್ಡಿನ ಹೊರಗೆ ಬಟ್ಟೆಗಂಟು ಇಟ್ಟುಕೊಂಡು ಕೂತ ಅಜ್ಜಿಯರನ್ನು ನೋಡಿ. ಅಲ್ಲಿ ಯಾರೂ ಇಲ್ಲದೆ ನೆಲ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಆ ಕಾಲೇಜಿನ ಬಗ್ಗೆ ನಿಮಗೆ ಬೇರೆ ಯಾರ ಸಲಹೆಯೂ ಬೇಡ. ಕಾಲೇಜಿನ ಪಿಆರ್‌ಒ ಜೊತೆ ಮಾತಾಡಬೇಡಿ, ಕ್ಯಾಂಟೀನಿನಲ್ಲಿ ಟೀ ಕುಡಿಯುವ ಇಂಟರ್ನ್ ಹುಡುಗರನ್ನು ಹಿಡಿಯಿರಿ. ನಿನ್ನ ಕೈಯಾರೆ ಹೆರಿಗೆ ಮಾಡಿಸಿದ್ದೀಯಾ ಮಗಾ? ಗಾಯಕ್ಕೆ ಹೊಲಿಗೆ ಹಾಕಿದ್ದೀಯಾ? ರಾತ್ರಿ ಪಾಳಿಯಲ್ಲಿ ಸೀನಿಯರು ಕರೆದರೆ ಬರುತ್ತಾರಾ? ಸ್ಟೈಪೆಂಡ್ ಖಾತೆಗೆ ಬಂದಮೇಲೆ ವಾಪಸ್ ಕೇಳುತ್ತಾರಾ? ನಿದ್ದೆಗೆಟ್ಟ ಆ ಹುಡುಗರು ಸುಳ್ಳು ಹೇಳುವಷ್ಟು ಚೈತನ್ಯ ಇಟ್ಟುಕೊಂಡಿರುವುದಿಲ್ಲ.

ಆಯೋಗದ ಮಾನ್ಯತೆ ಇದೆ, ತಪಾಸಣೆ ಆಗಿದೆ ಎಂಬ ಧೈರ್ಯ ನಿಮಗಿರಬಹುದು. ತಪಾಸಣೆಯ ದಿನ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಜನರನ್ನು ಕರೆತಂದು, ಊಟ ಹಾಕಿ, ದಿನಗೂಲಿ ಕೊಟ್ಟು ಮಂಚದ ಮೇಲೆ ಮಲಗಿಸುವ ಪದ್ಧತಿ ನಮ್ಮ ವೃತ್ತಿಯಲ್ಲಿ ಯಾರಿಗೂ ಗುಟ್ಟಲ್ಲ. ಪಾಠ ಮಾಡದ ಪ್ರೊಫೆಸರುಗಳ ಹೆಸರು ಹಾಜರಿಯಲ್ಲಿ ಓಡಾಡುವುದೂ ಹೊಸದಲ್ಲ. 2025ರಲ್ಲಿ ಸಿಬಿಐ ಇದೇ ವಿಷಯಕ್ಕೆ ದೇಶದ ಹಲವು ಕಡೆ ದಾಳಿ ಮಾಡಿತು. ತಪಾಸಣೆಗೆ ಹೋದ ವೈದ್ಯರೇ ಲಂಚದ ಆರೋಪದಲ್ಲಿ ಬಂಧನಕ್ಕೊಳಗಾದರು. ಆದ್ದರಿಂದ ಕಾಗದ ನಂಬಿ ಕೂರುವ ಕಾಲ ಇದಲ್ಲ.

ಈಗ ದುಡ್ಡಿನ ಮಾತು. ಮನಸ್ಸಿಗೆ ಹಿತವಲ್ಲದಿದ್ದರೂ ಆಡಲೇಬೇಕು, ಏಕೆಂದರೆ ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಖಾಸಗಿ ಮೆಡಿಕಲ್ ಕಾಲೇಜುಗಳು ಇಲ್ಲಿ ಬಹಳ ಮುಂಚೆಯೇ ಬಂದವು. ಮಣಿಪಾಲದ ಕಾಲೇಜು ಶುರುವಾದದ್ದು 1953ರಲ್ಲಿ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾನೂನನ್ನು ನಾವು 1984ರಲ್ಲೇ ಮಾಡಿಕೊಂಡೆವು. ಆಮೇಲೆ 1989ರಲ್ಲಿ ಸರ್ಕಾರವೇ ಒಂದು ಅಧಿಸೂಚನೆ ಹೊರಡಿಸಿ, ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟು ಹಿಡಿದ ಕನ್ನಡ ನಾಡಿನವರಿಗೆ 25,000ದವರೆಗೆ, ಹೊರಗಿನವರಿಗೆ 60,000ದವರೆಗೆ ಎಂದು ದರ ಗೊತ್ತುಮಾಡಿತು. ತುಮಕೂರಿನ ಕಾಲೇಜೊಂದರಲ್ಲಿ ಅಷ್ಟು ಕೊಡಲಾರದ ಉತ್ತರ ಪ್ರದೇಶದ ಹುಡುಗಿಯೊಬ್ಬಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಳು. ಮೋಹಿನಿ ಜೈನ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ, ಶಿಕ್ಷಣ ನಾಗರಿಕರ ಹಕ್ಕು, ಕ್ಯಾಪಿಟೇಷನ್ ಎಂಬುದು ಅದನ್ನು ಮಾರುವ ದಂಧೆ ಎಂದು 1992ರಲ್ಲಿ ಕೋರ್ಟು ಹೇಳಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು, ಅದರ ಬೆನ್ನಿಗೇ ಬಂದ ನಮ್ಮ ಸಿಇಟಿ ಎಷ್ಟೋ ಬಡ ಮನೆಗಳ ಮಕ್ಕಳನ್ನು ಡಾಕ್ಟರು ಮಾಡಿದವು. ನನ್ನ ಸಹೋದ್ಯೋಗಿಗಳಲ್ಲೇ ಅಂಥವರಿದ್ದಾರೆ.

ಇವತ್ತು? ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಸುಮಾರು ಒಂದೂವರೆ ಲಕ್ಷ. ಅದೇ ಬೆಂಚಿನ ಪಕ್ಕದ ಖಾಸಗಿ ಕೋಟಾಕ್ಕೆ ಹತ್ತು ಲಕ್ಷದ ಮೇಲೆ. ಎನ್‌ಆರ್‌ಐ ಕೋಟಾದ ಮಾತು ಬಿಡಿ. ಕೋರ್ಸು ಮುಗಿಯುವ ಹೊತ್ತಿಗೆ ಅರ್ಧ ಕೋಟಿ ಎಂದು ಲೆಕ್ಕ ಹಾಕಿಕೊಂಡು ಮೂರೆಕರೆ ನೀರಾವರಿ ಮಾರಿದ ಅಪ್ಪಂದಿರು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಕಾನೂನು ಗೊತ್ತುಮಾಡಿದ ಶುಲ್ಕ ಕಟ್ಟುವವರನ್ನು ನಾನು ಪಾಪಿಗಳೆನ್ನುವುದಿಲ್ಲ. ಆದರೆ ಆ ಹೊಲ ಹೋದ ಮೇಲೆ ನಿಮ್ಮ ಮಗ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒಬ್ಬನೇ ಕೂರುವುದಿಲ್ಲ. ಅವನ ಜೊತೆ ಸಾಲದ ಕಂತೂ ಕೂತಿರುತ್ತದೆ. ತಲೆನೋವು ಎಂದು ಬಂದವಳಿಗೆ ಸ್ಕ್ಯಾನಿಂಗ್ ಬರೆಯಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಆ ಕಂತು ಪಿಸುಗುಡುತ್ತದೆ. ಲ್ಯಾಬಿನವನು ತಿಂಗಳ ಕೊನೆಗೆ ತರುವ ಕವರು ಆಗ ಅಸಹ್ಯ ಅನ್ನಿಸುವುದಿಲ್ಲ. ಈ ಒತ್ತಡ ಮೆಟ್ಟಿ ನಿಂತ ಹುಡುಗರನ್ನೂ ನಾನು ಬಲ್ಲೆ. ಅವರಿಗೆ ಕೈಮುಗಿಯುತ್ತೇನೆ. ಇಪ್ಪತ್ತೈದರ ಹರೆಯದವರ ಮೇಲೆ ಅಂಥ ಪರೀಕ್ಷೆ ಹೇರಲು ನಮಗೇನು ಹಕ್ಕು?

ಹೆಚ್ಚು ರ್‍ಯಾಂಕು ಬಂದ ಮಕ್ಕಳೇ, ಈಗ ನಿಮ್ಮ ಹತ್ತಿರ ಮಾತಾಡಬೇಕು. 2021ರ ಫೆಬ್ರುವರಿಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರು, ಮಂಗಳೂರು ಕಡೆಯ ಮೆಡಿಕಲ್ ಕಾಲೇಜುಗಳ ಒಂಬತ್ತು ಟ್ರಸ್ಟುಗಳ ಮೇಲೆ ದಾಳಿ ಮಾಡಿದಾಗ 400 ಕೋಟಿಗೂ ಮೀರಿದ ಲೆಕ್ಕವಿಲ್ಲದ ವರಮಾನ ಪತ್ತೆಯಾಯಿತೆಂದು ಪ್ರಕಟಿಸಿತು. ಆ ವರಮಾನ ಬಂದ ಬಗೆಯನ್ನೂ ಇಲಾಖೆಯೇ ವಿವರಿಸಿತ್ತು. ನೀಟ್‌ನಲ್ಲಿ ಮೇಲಿನ ರ್‍ಯಾಂಕು ಬಂದವರು ಸೇರುವ ಮನಸ್ಸೇ ಇಲ್ಲದೆ ಕೌನ್ಸೆಲಿಂಗಿನಲ್ಲಿ ಒಂದು ಕಾಲೇಜಿನ ಸೀಟು ಹಿಡಿಯುವುದು, ಕೊನೆ ಗಳಿಗೆಯಲ್ಲಿ ಕೈಬಿಡುವುದು, ಹಾಗೆ ಖಾಲಿ ಬಿದ್ದ ಸೀಟನ್ನು ಕೊನೆಯ ಸುತ್ತಿನಲ್ಲಿ ಕಾಲೇಜಿನವರು ಕೆಳಗಿನ ರ್‍ಯಾಂಕಿನವರಿಗೆ ಮಾರಿಕೊಳ್ಳುವುದು. ಜೇಬು ತುಂಬಿಸಿಕೊಂಡವರ ಸಾಲಿನಲ್ಲಿ ಏಜೆಂಟರಿದ್ದರು. ಆ ರ್‍ಯಾಂಕು ಯಾರದಾಗಿತ್ತು? ನಿಮ್ಮಂಥ ಹದಿನೆಂಟು, ಹತ್ತೊಂಬತ್ತರ ಮಕ್ಕಳದು. ಬೇರೆ ರಾಜ್ಯದಲ್ಲೋ ಅಖಿಲ ಭಾರತ ಕೋಟಾದಲ್ಲೋ ಈಗಾಗಲೇ ಒಳ್ಳೆಯ ಸೀಟು ಸಿಕ್ಕವರನ್ನು ಹುಡುಕಿ, 'ನಿಮಗೆ ನಷ್ಟ ಏನಿದೆ? ಸುಮ್ಮನೆ ಹೆಸರು ಕೊಡಿ, ಸ್ವಲ್ಪ ದಿನ ಬಿಟ್ಟು ಕ್ಯಾನ್ಸಲ್ ಮಾಡಿ' ಅನ್ನುತ್ತಾರೆ. ಅಪ್ಪನಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ, ಓದಿದ್ದಕ್ಕೆ ಸಿಕ್ಕ ಬಹುಮಾನ ಅಂದುಕೊಳ್ಳುತ್ತಾನೆ.

ನಷ್ಟ ಇದೆ, ತಂಗೀ. ನೀನು ಹಿಡಿದು ಬಿಟ್ಟ ಆ ಸೀಟು ನಿನ್ನ ಕೆಳಗಿನ ರ್‍ಯಾಂಕಿನ ಯಾವುದೋ ಶಿಕ್ಷಕನ ಮಗಳದಾಗಬೇಕಿತ್ತು. ಅವಳು ಈಗ ದಂತ ವೈದ್ಯಕೀಯಕ್ಕೋ ಬಿಎಸ್ಸಿಗೋ ಸೇರಿಕೊಂಡಿದ್ದಾಳೆ. ವೃತ್ತಿಗೆ ಕಾಲಿಡುವ ಮೊದಲೇ ಮೊದಲ ಕಳ್ಳತನ ಮಾಡಿದವಳಾಗಬೇಡ. ಹಾಗೊಂದು ಫೋನು ಬಂದರೆ ಮಾತು ರೆಕಾರ್ಡ್ ಮಾಡಿಕೊಂಡು ಪ್ರಾಧಿಕಾರಕ್ಕೂ ಪೊಲೀಸರಿಗೂ ಕೊಡು. ಅಪ್ಪ ಬೇಡ ಅಂದರೂ ಕೊಡು.

ಸೀಟಿನ ಈ ವ್ಯಾಪಾರಕ್ಕೆ ಬೆಲೆ ತೆತ್ತವರು ಎಲ್ಲೆಲ್ಲೋ ಇದ್ದಾರೆ. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ತಿನ್ನಲು ಏನಾದರೂ ತರೋಣವೆಂದು ಹೊರಗೆ ಬಂದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ರಷ್ಯಾದ ದಾಳಿಗೆ ಸಿಕ್ಕಿ ಸತ್ತ. ಪಿಯುಸಿಯಲ್ಲಿ ಶೇ. 97 ಅಂಕ ತೆಗೆದರೂ ಇಲ್ಲಿ ಸೀಟು ಸಿಗಲಿಲ್ಲ, ಕೋಟಿ ಕೊಟ್ಟು ಓದಿಸುವ ಶಕ್ತಿ ನಮಗಿರಲಿಲ್ಲ ಎಂದು ಅವನ ತಂದೆ ಅಂದು ಹೇಳಿದ ಮಾತು ಎಲ್ಲ ಪತ್ರಿಕೆಗಳಲ್ಲೂ ಬಂತು. ಮೂರು ವಾರ ಕಾದು ಪಡೆದ ಮಗನ ದೇಹವನ್ನು ಆ ತಂದೆ-ತಾಯಿ ಮಣ್ಣು ಮಾಡಲಿಲ್ಲ, ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ನಾಡಿನ ಕಾಲೇಜುಗಳು ಒಳಗೆ ಬಿಟ್ಟುಕೊಳ್ಳದ ಹುಡುಗ ನಾಡಿನ ಮಕ್ಕಳಿಗೆ ಪಾಠವಾಗಿ ಹಿಂತಿರುಗಿದ. ಹೆತ್ತವರಲ್ಲಿ ಆ ಮನಸ್ಸು ಇದ್ದಾಗ, ಕಾಲೇಜು ನಡೆಸುವ ಮಠಗಳು, ಟ್ರಸ್ಟುಗಳು, ರಾಜಕಾರಣಿಗಳು ಕನ್ನಡಿ ಮುಂದೆ ಹೇಗೆ ನಿಲ್ಲುತ್ತಾರೋ ನನಗೆ ತಿಳಿಯದು.

ಹೊರದೇಶಕ್ಕೆ ಹೋಗುವವರನ್ನು ಹೀಗಳೆಯಲು ನನಗೆ ಬಾಯಿಲ್ಲ. ಹೋಗುವುದಾದರೆ ಏಜೆಂಟನ ಕರಪತ್ರ ಬದಿಗಿಟ್ಟು ವೈದ್ಯಕೀಯ ಆಯೋಗದ 2021ರ ನಿಯಮಾವಳಿ ಓದಿ: ಕನಿಷ್ಠ 54 ತಿಂಗಳ ಕೋರ್ಸು, ಇಂಗ್ಲಿಷ್ ಮಾಧ್ಯಮ, ಅಲ್ಲೇ ಹನ್ನೆರಡು ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲೇ ವೈದ್ಯನಾಗಿ ನೋಂದಣಿ ಆಗುವ ಅರ್ಹತೆ. ಇದರಲ್ಲಿ ಒಂದು ತಪ್ಪಿದರೂ ಇಲ್ಲಿ ಬಂದು 300ಕ್ಕೆ 150 ತೆಗೆಯಬೇಕಾದ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ.

ಮತ್ತೆ ಆ ಪಟ್ಟಿಗೆ ಬರೋಣ. ಮೇಲೆ ಯಾವಾಗಲೂ ಬೆಂಗಳೂರು, ಆಮೇಲೆ 1924ರಿಂದ ನಡೆದುಬಂದ ಮೈಸೂರಿನ ಕಾಲೇಜು, ಆಮೇಲೆ ಹುಬ್ಬಳ್ಳಿ. ಸರಿ, ದೊಡ್ಡ ಆಸ್ಪತ್ರೆಗಳು, ಯಾರು ಬೇಡವೆನ್ನುತ್ತಾರೆ? ಕೊನೆಯಲ್ಲಿ, ಸಂಕೋಚದಿಂದ ಎಂಬಂತೆ, ರಾಯಚೂರು, ಬೀದರ್, ಯಾದಗಿರಿ, ಕಾರವಾರ, ಚಾಮರಾಜನಗರ. ಹುಡುಗಿಯಾದರೆ ಇವು ಇರುವುದೇ ಇಲ್ಲ. 'ಅಷ್ಟು ದೂರ ಯಾಕೆ ಕಳಿಸೋದು' ಎಂದು ಸರ್ಕಾರಿ ಸೀಟು ಕೈಬಿಟ್ಟು, ಮನೆ ಹತ್ತಿರದ ಖಾಸಗಿ ಸೀಟಿಗೆ ಸಾಲ ಮಾಡುತ್ತಾರೆ. ಅದೇ ಮಗಳನ್ನು ನಾಳೆ ಮದುವೆ ಮಾಡಿ ಡಲ್ಲಾಸಿಗೆ ಕಳಿಸಲು ದೂರ ಅನ್ನಿಸುವುದಿಲ್ಲ! ರಾಯಚೂರಿನಲ್ಲಿ ಓದಿದರೂ ಬೆಂಗಳೂರಿನಲ್ಲಿ ಓದಿದರೂ ಪದವಿ ಕೊಡುವುದು ಅದೇ ರಾಜೀವ್ ಗಾಂಧಿ ವಿಶ್ವವಿದ್ಯಾಲಯ. ಪಿಜಿ ಸೀಟು ನಿರ್ಧಾರವಾಗುವುದು ನೀಟ್-ಪಿಜಿ ರ್‍ಯಾಂಕಿನ ಮೇಲೆ, ಎಂಬಿಬಿಎಸ್ ಕಾಲೇಜಿನ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಪ್ರಾಧ್ಯಾಪಕರ ಕೊರತೆ ಈ ಜಿಲ್ಲೆಗಳಲ್ಲಿ ನಿಜ, ಮುಚ್ಚಿಡುವುದಿಲ್ಲ. ಅದಕ್ಕೆ ಸರ್ಕಾರವನ್ನು ಹಿಡಿದು ಕೇಳಿ, ನಾನೂ ಬರುತ್ತೇನೆ. ಆದರೆ ಹುದ್ದೆ ಖಾಲಿ ಇರುವ ಕಾರಣಗಳಲ್ಲಿ ಒಂದು ನಮ್ಮ ಈ ತಾತ್ಸಾರವೇ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಅಲ್ಲಿನ ಮಕ್ಕಳಿಗೆ ಮೀಸಲು. ಅದರ ಬಲದಿಂದ ಓದಿ ಮುಗಿಸಿದವರು ಆ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ನಿಲ್ಲಲು ಹಿಂಜರಿದರೆ ಯಾರ ಮುಂದೆ ದೂರುವುದು? ಕಡ್ಡಾಯ ಗ್ರಾಮೀಣ ಸೇವೆಗೆ 2012ರ ಕಾನೂನೇ ಇದ್ದಾಗ ನನ್ನ ಕೋಣೆಗೆ ಬಂದ ಎಷ್ಟೋ ಪೋಷಕರ ಪ್ರಶ್ನೆ ಒಂದೇ: 'ಸರ್, ದಂಡ ಕಟ್ಟಿದರೆ ಬಿಡ್ತಾರಲ್ವಾ?'

ಓದಲು ಮನಸ್ಸಿಲ್ಲದ ಮಗುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರನೇ ಸಲ ಲಾಂಗ್ ಟರ್ಮ್ ಕೋಚಿಂಗಿಗೆ ಹಾಕುವ ಮೊದಲು ಅವನನ್ನು ಒಂದು ರಾತ್ರಿ ತುರ್ತು ಚಿಕಿತ್ಸಾ ವಿಭಾಗದ ಹೊರಗಿನ ಬೆಂಚಿನಲ್ಲಿ ಕೂರಿಸಿ. ಬೆಳಿಗ್ಗೆ ಅವನು ಬೇಡವೆಂದರೆ ಅದೇ ಕೊನೆಯ ಮಾತಾಗಲಿ.

ಅಣಕು ಹಂಚಿಕೆ ಪ್ರಕಟವಾದ ಮೇಲೂ ಪಟ್ಟಿಯನ್ನು ಮೇಲೆ ಕೆಳಗೆ ಮಾಡಲು ಒಂದೆರಡು ದಿನ ಅವಕಾಶ ಇರುತ್ತದೆ. ಸೋದರಮಾವನಿಗೆ ಕಾಫಿ ಕೊಟ್ಟು ಕೂರಿಸಿ, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ. ಪಟ್ಟಿಯ ತುದಿಯಲ್ಲಿರುವ ಒಂದು ಆಸ್ಪತ್ರೆ, ಬುಡದಲ್ಲಿರುವ ಒಂದು ಆಸ್ಪತ್ರೆ, ಎರಡನ್ನೂ ನೋಡಿ. ಹೊರರೋಗಿ ವಿಭಾಗಕ್ಕೆ ಪಾಸು ಬೇಕಿಲ್ಲ, ಯಾರೂ ತಡೆಯುವುದಿಲ್ಲ. ಬೆಂಚಿನ ಮೇಲಿರುವವರ ಪಕ್ಕ ಕೂತು ಯಾವ ಊರು, ಏನು ತೊಂದರೆ, ಎಷ್ಟು ಹೊತ್ತಾಯಿತು ಬಂದು ಎಂದು ಅವಳೇ ವಿಚಾರಿಸಲಿ. ಪಟ್ಟಿಯನ್ನು ಅವತ್ತು ಸಂಜೆ ಅವಳ ಕೈಯಲ್ಲೇ ಬರೆಸಿ.